ಡಬ್ಬಿ ಬುಡದ ಗುರುತು

ನಮ್ಮ ಮನಿ ಹತ್ತು ಫೂಟು ಹನ್ನೆರಡು ಫೂಟು.
ಸೊಲ್ಲಾಪುರದಾಗ, ಅಕ್ಕಲಕೋಟ ನಾಕಾದ ಹಿಂದ,
ಚಾದರ ಕಾರ್ಖಾನಿ ಗ್ವಾಡಿಗೆ ಹತ್ತಿ.
ಮಗ್ಗ ಹೊಡದಂಗೆಲ್ಲ ಮಾಡದಾಗಿನ ಲೋಟ ನಡಗತಾವ,
ಆದರ ಜಾಗಾ ಬಿಡೂದಿಲ್ಲ.
ಜಾಗಾ ಬಿಡಬಾರದು ಅನ್ನೂದು
ಈ ಮನ್ಯಾಗ ಲೋಟಕ್ಕೂ ಗೊತ್ತದ.

ಅತ್ತಿ ಕಣ್ಣಿಗೆ ಪೊರೆ ಬಂದು ಐದು ವರ್ಷ.
ಬಾಗಲಾ ತಗದ್ರ ಬೆಳಕಂತ ತಿಳೀತದ,
ಬೆಳಕಿನಾಗ ನಿಂತಾವ್ರು ಯಾರಂತ ತಿಳ್ಯೂದಿಲ್ಲ.

ಹಂಗಾಗಿ ನಮ್ಮ ರೂಢಿ:
ನೀರಿನ ಕೊಡ ಬಾಗಲದಿಂದ ನಾಕು ಹೆಜ್ಜಿ,
ಕೊಡದಿಂದ ಎರಡು ಗೇಣಿಗೆ ಸ್ಟೂಲು.
ಕೀಲಿ ಮೊದಲನೇ ಮೊಳಿಗೆ, ಲೈಟ್ ಬಿಲ್ಲು ಎರಡನೇದಕ್ಕ,
ಮೂರನೇದಕ್ಕ ಆಕಿ ವಿಭೂತಿ ಚೀಲ.
ಹಾಸಗಿ ಹೊತ್ತು ಏರೂದ್ರಾಗ ಸುತ್ತಿ ಮೂಲ್ಯಾಗ ನಿಲ್ಲಸಬೇಕು,
ರಾತ್ರಿಪಾಳಿ ಮುಗಿಸಿ ರೇವಣಸಿದ್ಧ ಬಂದಮ್ಯಾಲ
ಮತ್ತ ಅದೇ ಜಾಗಾಕ್ಕ ಬಿಚ್ಚಬೇಕು.
ಚಪ್ಪಲಿ ಹೊರಗ, ಮಾರಿ ರಸ್ತಾದ ಕಡೆ.
ಒಂದು ಹೊಸಾದು ಒಳಗ ಬಂದ್ರ ಒಂದು ಹಳೇದು ಹೊರಗ.
ಹೋದ ದೀವಳಿಗಿಗೆ ಮಿಕ್ಸರ್ ಬಂತು, ಒಳ್ಳು ಹೋತು.
ಅವತ್ತು ಅತ್ತಿ ಊಟ ಮಾಡಲಿಲ್ಲ.
ಮರುದಿನ ಮಿಕ್ಸರಿನ ಮ್ಯಾಲ ಕೈಯಾಡಿಸಿ
ಎಷ್ಟು ಗೇಣದ ಅಂತ ಅಳದು ನೋಡಿದಳು.

ಡಬ್ಬಿಗೆ ಸ್ವಪ್ನಾಲಿ ಚೀಟಿ ಅಂಟಿಸ್ಯಾಳ, ಸಾಲಿ ಮರಾಠಿದಾಗ.
ಮೀಠ, ಸಾಖರ, ತೂರಡಾಳ.
ನನಗ ಕೂಡಿಸಿ ಓದಲಾಕ ಹೊತ್ತು ಹಿಡೀತದ.
ಅತ್ತಿಗಂತೂ ಚೀಟೀನ ಬ್ಯಾಡ,
ಕಿವಿ ಹಂತ್ಯಾಕ ಹಿಡದು ಒಮ್ಮೆ ಅಳ್ಳಾಡಸ್ತಾಳ:
"ತೊಗರಿ ಮುಗೀಲಾಕ ಬಂದದ.
ಕಡ್ಲಿಬ್ಯಾಳ್ಯಾಗ ಹುಳ ಆಗ್ಯಾವ."
ಹುಳ ಆಗಿದ್ದು ಆಕಿಗೆ ಹೆಂಗ ಕೇಳಸ್ತದೋ!

ಪಂಚಮಿಗೆ ನಾದಿನಿ ಮಹಾನಂದಾ ಬಂದಳು, ಚಿಂಚವಾಡದಿಂದ.
ನಾ ರೇಶನ್ನಿಗೆ ಹೋದಾಗ, ಅತ್ತಿ ಮಲಗಿದಾಗ
ಮನಿ ಚಂದ ಮಾಡಿಟ್ಟಳು. ಖರೇನೂ ಚಂದಿತ್ತು.
ಹದಿನಾರು ಪ್ಲಾಸ್ಟಿಕ್ ಡಬ್ಬಿ, ಎಲ್ಲಾ ಒಂದೇ ಅಳತಿ,
ಆರಪಾರ ಕಾಣೂವು.
ಮಾಡಕ್ಕ ಹೊಸಾ ಪೇಪರ್. ಮೊಳಿ ಕಿತ್ತು
ಸಾಮಾನೆಲ್ಲ ಒಂದು ಬುಟ್ಟ್ಯಾಗ.
ಹತ್ತು ಫೂಟು ಹನ್ನೆರಡಾಗಿ ಕಂಡಿತು ನನ್ನ ಕಣ್ಣಿಗೂ.

ಸಂಜೀಕ ಅತ್ತಿ ಎದ್ದು ನಾಕು ಹೆಜ್ಜಿ ನಡದಳು,
ಕೈ ಚಾಚಿದಳು,
ಏನೂ ಸಿಗಲಿಲ್ಲ.
ಮನಿ ನಡುವ, ಕೈ ಗಾಳ್ಯಾಗ ಹಿಡಕೊಂಡು,
"ನನ್ನ ಯಾರ ಮನಿಗೆ ಕರಕೊಂಡು ಬಂದೀರೆವ್ವಾ" ಅಂದಳು.
ಒಂದು ಡಬ್ಬಿ ಅಳ್ಳಾಡಿಸಿದಳು, ಇನ್ನೊಂದು ಅಳ್ಳಾಡಿಸಿದಳು,
ಎಲ್ಲಾದರ ಸಪ್ಪಳಾನೂ ಒಂದೇ.
ಚಹಾಕ್ಕ ಉಪ್ಪು ಬಿತ್ತು.
ಮಹಾನಂದಾ ಅದನ್ನ ಪೂರಾ ಕುಡದಳು, ಮಾತಾಡದ.

ರಾತ್ರಿ ಇಬ್ಬರೂ ಕೂಡಿ ಮೊಳಿ ಮತ್ತ ಬಡದ್ವಿ.
ಪೇಪರ್ ಎತ್ತಿದರ ಬುಡಕ ಗುಂಡು ಗುಂಡು ಗುರುತು.
ಗುರುತು ನೋಡಿ ನೋಡಿ ಹಳೇವು ಇಟ್ವಿ:
ನೆಗ್ಗಿದ ಡಾಲ್ಡಾ ಡಬ್ಬಿ ತೊಗರಿಗೆ,
ತುಕ್ಕಿನ ಬಿಸ್ಕೀಟ ಡಬ್ಬಿ ಸಕ್ರಿಗೆ.
ಹದಿನಾರರಾಗ ಒಂದು ಇಟಕೊಂಡೀನಿ, ಅಂಗಿ ಗುಂಡಿಗೆ.
ಉಳಿದದ್ದು ಆಜೂಬಾಜೂದವ್ರು ಒಯ್ದರು.

ಈಗ ಸುದ್ದಿ ಏನಂದ್ರ,
ದವಾಖಾನ್ಯಾಗ ಆಪರೇಶನ್ ತಾರೀಖು ಕೊಟ್ಟಾರ,
ಬರೂ ಮಂಗಳವಾರ.
ಅತ್ತಿ ನಕ್ಕೋತ ಅಂತಾಳ:
"ಕಣ್ಣು ಬರಲಿ ತಡಿ,
ಮನಿ ಹೆಂಗ ಇಟ್ಟೀ, ಮೊದಲ ಅದನ್ನ ನೋಡತೀನಿ."

ಅವತ್ತಿಂದ ನನಗ ನಿದ್ದಿಲ್ಲ.
ಎಲ್ಲಾ ಇಟ್ಟಲ್ಲೇ ಇಟ್ಟೀನಿ, ಬೆರಳಷ್ಟೂ ಸರಿಸಿಲ್ಲ.
ಸರಿಸಿಲ್ಲಂದ್ರ ಬುಡಕ ಒರಸಿಯೂ ಇಲ್ಲ.
ಇವತ್ತು ಮುಂಜಾನೆ ಡಾಲ್ಡಾ ಡಬ್ಬಿ ಎತ್ತಿದೆ.
ಐದು ವರ್ಷದ ಎಣ್ಣಿ, ಹುಡಿ, ಕಾರ್ಖಾನಿ ಹತ್ತಿ ಎಳಿ,
ಗುಂಡಗ, ಕೊರದಂಗ.
ಅರಿಬಿ ಹಸಿ ಮಾಡಿ ಒರಸಲಾಕ ಹೋದೆ,
ತಡದೆ.
ಗುರುತು ಹೋದ್ರ ಡಬ್ಬಿ ಎಲ್ಲಿ ಇಡೂದು?
ಸುತ್ತಲಷ್ಟು ಒರಸಿ
ಗುರುತಿನ ಮ್ಯಾಲೇ ಮತ್ತ ಕೂಡಿಸಿದೆ.

ಮಂಗಳವಾರಕ್ಕ ಇನ್ನೂ ನಾಕು ದಿನ ಅದ.